ದುಂಡು ಹಣ್ಣು, ಎಳೆ ಗಂಟಲು

ಸಂಕ್ರಾಂತಿಯ ಸಂಜೆ ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಹಣ್ಣೆರೆಯುವ ಪದ್ಧತಿ ಹಳೇ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿದೆ. ಎಲಚಿ ಹಣ್ಣು, ಸಣ್ಣಗೆ ಹೆಚ್ಚಿದ ಕಬ್ಬು, ಚಿಲ್ಲರೆ ಕಾಸು ಎಲ್ಲವನ್ನೂ ಬೆರೆಸಿ ಮಗುವಿನ ತಲೆಯ ಮೇಲಿಂದ ಸುರಿಯುತ್ತಾರೆ. ಸುತ್ತ ನೆರೆದ ದೊಡ್ಡ ಮಕ್ಕಳು ಕಾಸಿಗೆ ಮುಗಿಬೀಳುತ್ತಾರೆ. ಅಷ್ಟರಲ್ಲಿ ಎಳ್ಳು ಬೀರಲು ಬಂದವರು ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲದ ಚೂರು ಬೆರೆತ ಪೊಟ್ಟಣವನ್ನು ತಂದಿಡುತ್ತಾರೆ. ಮಣೆಯ ಮೇಲಿನ ಕೂಸಿಗೆ ಎಂಟೋ ಒಂಬತ್ತೋ ತಿಂಗಳಾಗಿದ್ದರೆ, ಆ ಗಳಿಗೆಯಲ್ಲಿ ಅದರ ಕೈಗೆಟುಕುವಂತೆ ಬಿದ್ದಿರುವ ಬಹುಪಾಲು ವಸ್ತುಗಳು ಅದರ ಬಾಯಿಗೆ ಸಲೀಸಾಗಿ ಹೋಗುವ, ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಗಾತ್ರದವು.

ಹಬ್ಬದ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಹಣ್ಣೆರೆದ ಮೇಲೆ ಮಗುವನ್ನು ತಕ್ಷಣ ಎತ್ತಿಕೊಂಡು, ಮಣೆಯ ಸುತ್ತ ಬಿದ್ದದ್ದನ್ನೆಲ್ಲ ಗುಡಿಸಿ ತೆಗೆದರೆ ಶಾಸ್ತ್ರಕ್ಕೂ ಕೊರತೆಯಿಲ್ಲ, ಮಗುವಿಗೂ ತೊಂದರೆಯಿಲ್ಲ. ಆದರೆ ಹಬ್ಬ ಕಣ್ಣಿಗೆ ಕಾಣುವಂತೆ ತಂದಿಡುವ ಈ ಪ್ರಶ್ನೆ ವರ್ಷವಿಡೀ ಮನೆಯಲ್ಲಿ ಇದ್ದೇ ಇರುತ್ತದೆ. ಓಕಳಿಪುರಂ, ಶ್ರೀರಾಂಪುರ, ಮಲ್ಲೇಶ್ವರದ ಬೀದಿಗಳಲ್ಲಿ ಕಾಲಕ್ಕೊಂದು ಸಣ್ಣ ಹಣ್ಣು ತಳ್ಳುಗಾಡಿಯ ಮೇಲೆ ಬರುತ್ತದೆ. ದ್ರಾಕ್ಷಿ ಆಯಿತು, ಮುಂಗಾರಿಗೆ ನೇರಳೆ ಬಂತು, ಚಳಿಗಾಲಕ್ಕೆ ಎಲಚಿ. ಮಗು ನೋಡಲು ಬಂದವರೂ ಕೈಯಲ್ಲಿ ಒಂದು ಗೊಂಚಲು ದ್ರಾಕ್ಷಿ ಹಿಡಿದೇ ಬರುತ್ತಾರೆ. ಆಗತಾನೇ ರಾಗಿ ಸರಿ ಶುರು ಮಾಡಿರುವ ತಾಯಿಗೆ ಗೊಂದಲ. ಫೋನಿನಲ್ಲಿ ಓದಿದ್ದು ಆರು ತಿಂಗಳಿಗೇ ಹಣ್ಣು ಕೊಡಿ ಎನ್ನುತ್ತದೆ, ಅತ್ತೆಯವರು ಹಲ್ಲು ಬರಲಿ ತಡಿ ಎನ್ನುತ್ತಾರೆ. ವಿಚಿತ್ರವೆಂದರೆ ಇಬ್ಬರ ಮಾತಿನಲ್ಲೂ ಸರಿಯಿದೆ, ಇಬ್ಬರ ಮಾತಿನಲ್ಲೂ ಒಂದೊಂದು ತೂತಿದೆ. ಅದನ್ನು ತಿಳಿಯಲು ಮೊದಲು ಮಗುವಿನ ಗಂಟಲಿನೊಳಗೆ ಏನಿದೆ ಎಂದು ನೋಡಬೇಕು.

ಗಂಟಲು ಎಂದು ನಾವು ಕರೆಯುವುದು ಎರಡು ದಾರಿಗಳು ಕೂಡುವ ಜಾಗ. ಹಿಂದಿನದು ಅನ್ನನಾಳ, ಊಟ ಹೊಟ್ಟೆಗಿಳಿಯುವ ದಾರಿ. ಮುಂದಿನದು ಶ್ವಾಸನಾಳ, ಅಂದರೆ ಗಾಳಿಯ ಕೊಳವೆ. ನುಂಗುವಾಗ ಗಾಳಿಯ ದಾರಿಯ ಬಾಯನ್ನು ಒಂದು ಪುಟ್ಟ ಮುಚ್ಚಳ ಮುಚ್ಚುತ್ತದೆ, ಅಷ್ಟು ಹೊತ್ತು ಉಸಿರು ನಿಲ್ಲುತ್ತದೆ, ತುತ್ತು ಹಿಂದಕ್ಕೆ ಜಾರುತ್ತದೆ. ದೊಡ್ಡವರಲ್ಲಿ ಇದು ಯೋಚನೆಯಿಲ್ಲದೆ ನಡೆಯುವ ಕೆಲಸ. ಆರು ತಿಂಗಳ ಕೂಸಿಗೆ ಇದು ಹೊಸ ವಿದ್ಯೆ. ಅಲ್ಲಿಯವರೆಗೆ ಅದು ಕಲಿತಿದ್ದದ್ದು ಚೀಪಿ ನುಂಗುವುದನ್ನು ಮಾತ್ರ. ಗಟ್ಟಿ ಪದಾರ್ಥವನ್ನು ನಾಲಿಗೆಯಿಂದ ಒಂದೆಡೆ ತಳ್ಳುವುದು, ಒಸಡಿನಲ್ಲಿ ಹಿಸುಕುವುದು, ಎಂಜಲಿನಲ್ಲಿ ನೆನೆಸಿ ಉಂಡೆ ಮಾಡುವುದು, ಉಸಿರು ಹಿಡಿದು ಹಿಂದಕ್ಕೆ ಕಳಿಸುವುದು ಎಲ್ಲವನ್ನೂ ಅದು ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು.

ಇನ್ನು ಗಾತ್ರ. ಹಸುಗೂಸಿನ ಗಾಳಿದಾರಿಯ ಅತಿ ಕಿರಿದಾದ ಭಾಗದ ಅಗಲ ಸುಮಾರು 4ರಿಂದ 5 ಮಿಲಿಮೀಟರ್. ಇಷ್ಟು ಕಿರಿದಾದ ಕೊಳವೆಯಲ್ಲಿ ಒಂದು ವಿಶೇಷ ತೊಂದರೆಯಿದೆ. ಕೊಳವೆಯ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಎದುರಾಗುವ ಅಡ್ಡಿ ಎರಡು ಪಟ್ಟಲ್ಲ, ಸರಿಸುಮಾರು ಹದಿನಾರು ಪಟ್ಟು ಆಗುತ್ತದೆ. ದೊಡ್ಡವರ ಗಂಟಲಿನಲ್ಲಿ ಒಂದೆರಡು ಮಿಲಿಮೀಟರ್ ಅಡ್ಡ ಬಂದರೆ ಕೆಮ್ಮಿ ಸುಮ್ಮನಾಗುತ್ತಾರೆ. ಅಷ್ಟೇ ಅಡ್ಡಿ ಕೂಸಿನ ಉಸಿರನ್ನು ಕಟ್ಟಿಬಿಡಬಹುದು. ಜೊತೆಗೆ ಕೆಮ್ಮಿನ ಬಲವೂ ಕಡಿಮೆ. ಕೆಮ್ಮಿ ಹೊರಹಾಕಲು ಎದೆಯಲ್ಲಿ ಗಾಳಿ ತುಂಬಿರಬೇಕು, ಎದೆಗೂಡಿನ ಸ್ನಾಯುಗಳಲ್ಲಿ ಕಸುವಿರಬೇಕು. ಎರಡೂ ಅದರಲ್ಲಿ ಇನ್ನೂ ಅರೆಬರೆ.

ಹಾಗಾದರೆ ಎಲ್ಲ ಸಣ್ಣ ವಸ್ತುಗಳಲ್ಲಿ ದ್ರಾಕ್ಷಿಗೇ ಏಕೆ ಇಷ್ಟು ಕೆಟ್ಟ ಹೆಸರು? ಅದರ ಮೂರು ಗುಣಗಳು ಒಟ್ಟಿಗೆ ಸೇರಿ ಕೆಲಸ ಕೆಡಿಸುತ್ತವೆ. ಅದು ದುಂಡಗಿದೆ, ನುಣುಪಾಗಿದೆ, ಒತ್ತಿದರೆ ಒಡೆಯದೆ ಬಾಗುತ್ತದೆ. ದುಂಡಗಿರುವುದರಿಂದ ನಾಲಿಗೆಯ ಮೇಲೆ ನಿಲ್ಲದೆ ಹಿಂದಕ್ಕೆ ಉರುಳುತ್ತದೆ. ನುಣುಪಾದ್ದರಿಂದ ಅಗಿಯುವ ಮೊದಲೇ ಜಾರುತ್ತದೆ. ಬಾಗುವುದರಿಂದ ಗಾಳಿದಾರಿಯ ಬಾಯಿಯ ಆಕಾರಕ್ಕೆ ತಾನೇ ಒಗ್ಗಿಕೊಂಡು ಸುತ್ತಲೂ ಸಂದಿಲ್ಲದಂತೆ ಕೂರುತ್ತದೆ. ಚಾಮರಾಜಪೇಟೆಯ ಅಂಗಡಿಗಳಲ್ಲಿ ಗೋಲಿ ಸೋಡ ಕುಡಿದವರಿಗೆ ಇದು ಬೇಗ ಹೊಳೆಯುತ್ತದೆ: ಸೀಸೆಯ ಕೊರಳಿನಲ್ಲಿ ಗೋಲಿ ಕೂತರೆ ಒಳಗಿನ ಒತ್ತಡವೇ ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಮಗುವಿನಲ್ಲಿ ಆಗುವುದು ಇದರ ತಿರುವುಮುರುವು. ಅದು ಗಾಬರಿಯಿಂದ ಉಸಿರೆಳೆದಷ್ಟೂ ಹಣ್ಣು ಕೆಳಕ್ಕೆ ಸೆಳೆದು ಬಿಗಿಯುತ್ತದೆ. ಒರಟು ಮೈಯ ಒಂದು ತುಂಡು ಪದಾರ್ಥ ಸಿಕ್ಕಿಕೊಂಡರೆ ಅಂಚಿನ ಸಂದಿನಲ್ಲಿ ತುಸುವಾದರೂ ಗಾಳಿ ಆಡುತ್ತದೆ. ಇಡೀ ದ್ರಾಕ್ಷಿ ಆ ಸಂದನ್ನೂ ಬಿಡುವುದಿಲ್ಲ.

ಸ್ಕಾಟ್ಲೆಂಡಿನ ಅಬರ್ಡೀನ್‌ನ ಇಬ್ಬರು ವೈದ್ಯರು 2016ರ ಕೊನೆಯಲ್ಲಿ ಮಕ್ಕಳ ವೈದ್ಯಕೀಯದ ಒಂದು ಪ್ರಮುಖ ಬ್ರಿಟಿಷ್ ನಿಯತಕಾಲಿಕದಲ್ಲಿ ಇದೇ ವಿಷಯಕ್ಕೆ ಎಚ್ಚರಿಕೆ ಕೊಟ್ಟರು. ಅವರು ವಿವರಿಸಿದ್ದು ಇಡೀ ದ್ರಾಕ್ಷಿ ಸಿಕ್ಕಿಕೊಂಡ ಮೂವರು ಮಕ್ಕಳ ಪ್ರಸಂಗ. ಮೂವರೂ ಐದು ವರ್ಷ ಅಥವಾ ಅದಕ್ಕಿಂತ ಕಿರಿಯರು. ಇಬ್ಬರು ಉಳಿಯಲಿಲ್ಲ. ಆಟಿಕೆಗಳ ಮೇಲೆ ಸಣ್ಣ ಬಿಡಿಭಾಗಗಳಿವೆ, ಜೋಕೆ ಎಂದು ಅಚ್ಚು ಹಾಕುವ ಕಾನೂನಿದೆ, ಹಣ್ಣಿನ ಮೇಲೆ ಅಂಥದ್ದೇನೂ ಇಲ್ಲ ಎಂಬುದು ಅವರ ಕೊರಗು. ನಮ್ಮಲ್ಲಿ ದ್ರಾಕ್ಷಿ ಗಾಡಿಯ ಮೇಲೆ ಬಿಡಿಬಿಡಿಯಾಗಿ ತೂಗುವುದರಿಂದ ಅಚ್ಚು ಹಾಕುವ ಮಾತೇ ಬರುವುದಿಲ್ಲ. ತಿಳಿವಳಿಕೆ ಮನೆಯವರ ತಲೆಯಲ್ಲೇ ಇರಬೇಕು.

ಹಲ್ಲು ಬರಲಿ ಎಂಬ ಮಾತಿಗೆ ಬರೋಣ. ಮಗುವಿಗೆ ಮೊದಲು ಹುಟ್ಟುವುದು ಕೆಳಗಿನ ಎರಡು ಮುಂಹಲ್ಲು, ಸಾಮಾನ್ಯವಾಗಿ ಆರನೇ ತಿಂಗಳ ಆಸುಪಾಸಿನಲ್ಲಿ. ವರ್ಷ ತುಂಬುವಷ್ಟರಲ್ಲಿ ಮೇಲಿನವೂ ಕಾಣುತ್ತವೆ. ಆದರೆ ಮುಂಹಲ್ಲಿನ ಕೆಲಸ ಕಚ್ಚಿ ತುಂಡು ಮಾಡುವುದು. ಅರೆಯುವ ಕೆಲಸ ದವಡೆ ಹಲ್ಲಿನದು. ಮೊದಲ ದವಡೆ ಹಲ್ಲುಗಳು ಮೂಡುವುದು ವರ್ಷ ದಾಟಿದ ಮೇಲೆ, ಎರಡನೆಯ ಜೊತೆ ಬರಲು ಎರಡು, ಎರಡೂವರೆ ವರ್ಷವೇ ಆಗಬಹುದು. ಅಂದರೆ ಹತ್ತು ತಿಂಗಳ ಮಗು ಸೇಬಿನ ಹೋಳನ್ನು ಕಚ್ಚಿ ಗಟ್ಟಿ ಚೂರೊಂದನ್ನು ಬಾಯಿಗೆ ತೆಗೆದುಕೊಳ್ಳಬಲ್ಲದು, ಅದನ್ನು ಅರೆಯಲಾರದು. ಎರಡು ಹಲ್ಲು ಕಂಡ ಖುಷಿಯಲ್ಲಿ ಇನ್ನು ಏನು ಕೊಟ್ಟರೂ ತಿನ್ನುತ್ತೆ ಎನ್ನುವವರು ಗಮನಿಸಬೇಕಾದದ್ದು ಇದನ್ನೇ. ಹಲ್ಲಿಲ್ಲದಾಗ ಮೆತ್ತಗಿನದನ್ನು ಮಾತ್ರ ಕೊಡುತ್ತಿದ್ದೆವು. ಮುಂಹಲ್ಲು ಬಂದ ಮೇಲೆ ಎಚ್ಚರ ಸಡಿಲಾಗುತ್ತದೆ. ಇದೇ ಹೊತ್ತಿಗೆ, ಸುಮಾರು ಒಂಬತ್ತನೇ ತಿಂಗಳಿಗೆ, ಮಗು ಹೆಬ್ಬೆರಳು ತೋರುಬೆರಳು ಸೇರಿಸಿ ನೆಲದ ಮೇಲಿನ ಸಾಸಿವೆ ಕಾಳನ್ನೂ ಹೆಕ್ಕುವುದನ್ನು ಕಲಿಯುತ್ತದೆ. ತೆವಳಲು, ಅಂಬೆಗಾಲಿಡಲು ಶುರು ಮಾಡಿರುತ್ತದೆ. ಅಪಾಯದ ಕಾಲ ಯಾವುದೆಂದರೆ ಈ ಎಲ್ಲ ಸಾಮರ್ಥ್ಯಗಳು ಬಂದು, ದವಡೆ ಹಲ್ಲು ಮಾತ್ರ ಬಾರದ ಕಾಲ.

ಫೋನಿನ ಮಾತಿನಲ್ಲಿರುವ ಸರಿ ಏನು? ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಆಮೇಲೆ ಎದೆಹಾಲಿನ ಜೊತೆ ಮೇಲುಣಿಸು. ಇಲ್ಲಿ ತುಂಬುವುದು ಎಂಬುದನ್ನು ಗಮನಿಸಬೇಕು. ಅನ್ನಪ್ರಾಶನವನ್ನು ಆರನೇ ತಿಂಗಳು ನಡೆಯುತ್ತಿರುವಾಗ ಮಾಡುವುದುಂಟು, ಆಗ ತುಂಬಿರುವುದು ಐದೇ. ಶಾಸ್ತ್ರಕ್ಕೆ ಒಂದಗುಳು ನಾಲಿಗೆಗೆ ಮುಟ್ಟಿಸಿ, ದಿನನಿತ್ಯದ ಊಟವನ್ನು ಆರು ತುಂಬಿದ ಮೇಲೆ ಹಿಡಿಯುವುದು ಒಳ್ಳೆಯದು. ಕುತ್ತಿಗೆ ನೇರವಾಗಿ ನಿಂತಿದೆಯೇ, ಆಸರೆ ಕೊಟ್ಟರೆ ಕೂರುತ್ತದೆಯೇ, ಚಮಚ ಕಂಡರೆ ಬಾಯಿ ತೆರೆಯುತ್ತದೆಯೇ, ಕೊಟ್ಟದ್ದನ್ನು ನಾಲಿಗೆಯಿಂದ ಹೊರತಳ್ಳುವುದು ನಿಂತಿದೆಯೇ ಎಂದು ನೋಡಿಕೊಂಡರೆ ಮಗು ಸಿದ್ಧವಾಗಿದೆ ಎಂದು ತಿಳಿಯುತ್ತದೆ. ಇನ್ನೂ ತಡ ಮಾಡುವುದೂ ಸರಿಯಲ್ಲ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ಅಂಶ ಅಷ್ಟು ಹೊತ್ತಿಗೆ ಕರಗುತ್ತ ಬಂದಿರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಮೊಳಕೆ ಕಟ್ಟಿ ಬೀಸಿದ ರಾಗಿಯ ಸರಿಯನ್ನು ನಮ್ಮ ಹಿರಿಯರು ಆರಿಸಿಕೊಂಡದ್ದು ಜಾಣತನವೇ. ಮೊಳಕೆ ಬರಿಸಿದಾಗ ಕಾಳಿನಲ್ಲಿ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಎಂಬ ಅಂಶ ಕಡಿಮೆಯಾಗುತ್ತದೆ. ಇದರ ಜೊತೆ ಸಿ ಜೀವಸತ್ವವಿರುವ ಹಣ್ಣು ಬಿದ್ದರೆ ಸಸ್ಯಾಹಾರದ ಕಬ್ಬಿಣ ಮೈಗೆ ಹೆಚ್ಚು ಹಿಡಿಯುತ್ತದೆ.

ಈ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಸಿ ಜೀವಸತ್ವಕ್ಕೆ ಸೀಬೆ, ಪಪ್ಪಾಯಿ, ಕಿತ್ತಳೆ ಎಲ್ಲಿ, ದ್ರಾಕ್ಷಿ ಎಲ್ಲಿ. ದ್ರಾಕ್ಷಿಯ ಐದರಲ್ಲಿ ನಾಲ್ಕು ಪಾಲು ನೀರು, ಉಳಿದದ್ದರಲ್ಲಿ ಬಹುಪಾಲು ಸಕ್ಕರೆ, ಸಿ ಜೀವಸತ್ವ ಅತ್ಯಲ್ಪ. ಎಳೆ ಕೂಸಿಗೆ ದ್ರಾಕ್ಷಿ ಕೊಡಲೇಬೇಕೆಂಬ ಪೌಷ್ಟಿಕ ಕಾರಣ ಒಂದೂ ಇಲ್ಲ. ಹಾಗೆಂದು ನಿಷೇಧಿಸುವ ಕಾರಣವೂ ಇಲ್ಲ. ಮನೆಯಲ್ಲಿ ಎಲ್ಲರೂ ತಿನ್ನುವ ಹಣ್ಣನ್ನು ಮಗುವಿನಿಂದ ಎಷ್ಟು ದಿನ ಮುಚ್ಚಿಡುವುದು? ಹೇಗೆ ಕೊಡಬೇಕೆಂದು ತಿಳಿದಿದ್ದರೆ ಸಾಕು.

ಅದಕ್ಕೆ ನಮ್ಮೂರಿನ ದ್ರಾಕ್ಷಿಯ ಸ್ವಭಾವ ತಿಳಿದಿರಬೇಕು. ಬೆಂಗಳೂರಿಗೂ ದ್ರಾಕ್ಷಿಗೂ ಹಳೆಯ ನಂಟು. ಇಂದು ಹಲವು ಬಡಾವಣೆಗಳಲ್ಲಿ ಮಳಿಗೆಯಿರುವ ಹಾಪ್‌ಕಾಮ್ಸ್ ಹುಟ್ಟಿದ್ದೇ 1959ರಲ್ಲಿ, ತೋಟಗಾರಿಕೆಯ ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ, ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಈ ಕಪ್ಪು ದ್ರಾಕ್ಷಿಯ ಸಿಪ್ಪೆ ದಪ್ಪ, ಒಳಗೆ ಬೀಜ. ಬುಡವನ್ನು ಹಿಸುಕಿದರೆ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಉಂಡೆಯಾಗಿ ಪುಳಕ್ಕನೆ ಹೊರಬರುತ್ತದೆ. ಹೀಗೆ ಸಿಪ್ಪೆ ಬಿಟ್ಟ ತಿರುಳನ್ನು, ಬೀಜ ತೆಗೆದು, ಮಗುವಿನ ಬಾಯಿಗೆ ಹಿಚುಕುವುದು ಅನೇಕ ಮನೆಗಳಲ್ಲಿ ಕಾಣುವ ರೂಢಿ. ಸಿಪ್ಪೆ ಹೋಯಿತು, ಬೀಜ ಹೋಯಿತು, ಇನ್ನೇನು ಭಯ ಎಂದುಕೊಳ್ಳುತ್ತಾರೆ. ಆದರೆ ಅಪಾಯ ಇದ್ದದ್ದು ಸಿಪ್ಪೆಯಲ್ಲಲ್ಲ, ಆಕಾರದಲ್ಲಿ. ಸುಲಿದ ದ್ರಾಕ್ಷಿ ಇನ್ನೂ ದುಂಡು, ಮೊದಲಿಗಿಂತ ಹೆಚ್ಚು ಜಾರು.

ಆಕಾರವನ್ನು ಒಡೆಯುವುದೇ ಉಪಾಯ. ಆರರಿಂದ ಎಂಟು ತಿಂಗಳಲ್ಲಿ ಹಣ್ಣನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ತುಸು ಬೇಯಿಸಿ, ಕಿವುಚಿ ಜಾಲರಿಯಲ್ಲಿ ಸೋಸಿದರೆ ಸಿಪ್ಪೆ ಬೀಜ ಎರಡೂ ಮೇಲುಳಿಯುತ್ತವೆ. ಆ ಗಟ್ಟಿ ತಿರುಳನ್ನು ಒಂದೆರಡು ಚಮಚ, ರಾಗಿ ಸರಿಯ ಜೊತೆಯೋ ಬೇರೆಯೋ ಕೊಡಬಹುದು. ಸಕ್ಕರೆ ಬೇಡ, ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ. ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಕಗಳು ಎಳೆ ಕರುಳಿನಲ್ಲಿ ವಿಷ ಹುಟ್ಟಿಸಬಲ್ಲವು. ಮಗು ತಾನೇ ಹೆಕ್ಕಿ ತಿನ್ನುವ ವಯಸ್ಸಿಗೆ ಬಂದ ಮೇಲೆ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಬೇಕು. ಉದ್ದಕ್ಕೆ ಎಂಬುದು ಮುಖ್ಯ. ಅಡ್ಡಕ್ಕೆ ಕೊಯ್ದು ಎರಡು ಮಾಡಿದರೆ ಎರಡೂ ಅರ್ಧದ ಬಾಯಿ ದುಂಡಗೇ ಉಳಿಯುತ್ತದೆ, ಗಾಳಿದಾರಿಯನ್ನು ಮುಚ್ಚಲು ಆ ದುಂಡೇ ಸಾಕು. ಉದ್ದ ಸೀಳಿಗೆ ಮೂಲೆಗಳಿರುತ್ತವೆ, ಅದು ಸಿಕ್ಕಿಕೊಂಡರೂ ಪಕ್ಕದಲ್ಲಿ ಗಾಳಿ ಆಡುತ್ತದೆ. ಬೀಜವಿಲ್ಲದ ಹಸಿರು ದ್ರಾಕ್ಷಿಗೂ ಇದೇ ನಿಯಮ, ಉದ್ದನೆಯ ದಿಲ್‌ಖುಷ್‌ಗೂ ಇದೇ. ಎಷ್ಟು ವಯಸ್ಸಿನವರೆಗೆ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನಾಲ್ಕು ವರ್ಷದವರೆಗೆ ಎನ್ನುತ್ತದೆ, ಬ್ರಿಟನ್ನಿನಲ್ಲಿ ಐದರವರೆಗೆ. ಶಿಶುವಿಹಾರಕ್ಕೆ ಹೋಗುವ ಮಗುವಿನ ಡಬ್ಬಿಗೆ ಹಾಕುವ ದ್ರಾಕ್ಷಿಯನ್ನೂ ಸೀಳಿಯೇ ಹಾಕಬೇಕೆಂದರೆ ಅತಿಯೆನ್ನಿಸಬಹುದು, ಆದರೆ ಮಕ್ಕಳು ನಗುತ್ತ ಓಡುತ್ತ ತಿನ್ನುವ ವಯಸ್ಸು ಅದೇ.

ಒಣದ್ರಾಕ್ಷಿ ಬೇರೆ ರೀತಿಯಲ್ಲಿ ಕಾಡುತ್ತದೆ. ಅದು ಅಂಟು. ಮಲ ಕಟ್ಟಿದಾಗ ಅದನ್ನು ನೆನೆಸಿದ ನೀರು ಕುಡಿಸುವುದು ನಮ್ಮ ಕಡೆಯ ಮನೆಮದ್ದು. ಮೇಲುಣಿಸು ಹಿಡಿದ ಮಗುವಿಗೆ ಒಂದೆರಡು ಚಮಚ ಕೊಟ್ಟರೆ ಅಡ್ಡಿಯಿಲ್ಲ, ನೆನೆದ ಹಣ್ಣನ್ನು ಕೊಡುವುದಿದ್ದರೆ ನುಣ್ಣಗೆ ಅರೆದೇ ಕೊಡಬೇಕು. ಎಲಚಿ ಮತ್ತು ನೇರಳೆಯಲ್ಲಿ ಗಟ್ಟಿ ಬೀಜದ ಸುತ್ತ ಇರುವುದು ಒಂದಿಷ್ಟೇ ತಿರುಳು. ಅದನ್ನು ಚಮಚದಲ್ಲಿ ಕೆರೆದು, ಬೀಜವನ್ನು ಮಗುವಿನ ಕಣ್ಣಿಗೆ ಬೀಳುವ ಮೊದಲೇ ಎಸೆದುಬಿಡುವುದು ಕ್ಷೇಮ. ಸಪೋಟ ಮೆತ್ತಗಿದ್ದು ಮೊದಲ ಹಣ್ಣಾಗಲು ತಕ್ಕದ್ದು, ಆದರೆ ಅದರ ಹೊಳೆಯುವ ಕಪ್ಪು ಬೀಜದ ತುದಿಯಲ್ಲೊಂದು ಕೊಕ್ಕೆಯಿದೆ, ಒಂದನ್ನೂ ಬಿಡದೆ ತೆಗೆಯಬೇಕು. ಸೀತಾಫಲದಲ್ಲಿ ಬೀಜ ಹುಡುಕುವ ತಾಳ್ಮೆ ಇದ್ದವರು ಮಾತ್ರ ಕೈಹಾಕಬೇಕು. ದಾಳಿಂಬೆಯನ್ನು ಜಜ್ಜಿ ಸೋಸುವುದೇ ಸರಿ. ಸೀಬೆ, ಸೇಬನ್ನು ಹಬೆಯಲ್ಲಿ ಬೇಯಿಸಿ ಕಿವುಚಬೇಕು, ಸೀಬೆಯ ಬೀಜವನ್ನು ಸೋಸಿ ತೆಗೆಯಬೇಕು. ಹಸಿ ಸೇಬಿನ ಹೋಳು ಕೂಸಿನ ಕೈಗೆ ಬೇಡ. ಬೇಸಿಗೆಯ ತಾಟಿನುಂಗು ಎಷ್ಟು ತಂಪೆಂದರೂ ಆ ಲೋಳೆ ಗುಳುಕ್ಕನೆ ಜಾರುವ ಗುಣವೇ ಮಗುವಿಗೆ ಕೆಟ್ಟದ್ದು, ಅದನ್ನೂ ಕಿವುಚದೆ ಕೊಡಬಾರದು. ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ಬೆಂಗಳೂರಿನ ಏಲಕ್ಕಿ ಬಾಳೆ ಇದ್ದೇ ಇದೆ. ಚೆನ್ನಾಗಿ ಕಳಿತದ್ದನ್ನು ಬೆರಳಲ್ಲಿ ನುರಿದರೆ ಮುಗಿಯಿತು. ವಿದೇಶಿ ಪುಸ್ತಕಗಳನ್ನು ನೋಡಿ ಈಚೆಗೆ ಕೆಲವರು ಬ್ಲೂಬೆರಿಯನ್ನೇ ಹುಡುಕಿ ತರುತ್ತಾರೆ. ತರಲಿ, ಬೆರಳಿನಿಂದ ಚಪ್ಪಟೆ ಮಾಡಿ ಕೊಡಲಿ. ಅದಿಲ್ಲದೆ ಮಗುವಿನ ಬೆಳವಣಿಗೆ ಏನೂ ನಿಲ್ಲುವುದಿಲ್ಲ.

ಯಾವ ಹಣ್ಣಾದರೂ ಹೊಸದನ್ನು ಒಂದೊಂದೇ, ನಡುವೆ ಎರಡು ಮೂರು ದಿನ ಬಿಟ್ಟು ಪರಿಚಯಿಸಿದರೆ ಒಗ್ಗದ್ದು ಯಾವುದೆಂದು ಗೊತ್ತಾಗುತ್ತದೆ. ಹುಳಿ ಹಣ್ಣು ತಾಗಿದ ಕಡೆ, ಬಾಯಿಯ ಸುತ್ತ, ತುಸು ಕೆಂಪಾಗಿ ಇಳಿದುಹೋಗುವುದು ಬಹಳ ಸಲ ಚರ್ಮದ ಉರಿ ಮಾತ್ರ. ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ವಾಂತಿಯಾಗಿ ಮಗು ಸೊರಗಿದರೆ, ಉಸಿರಿಗೆ ಕಷ್ಟಪಟ್ಟರೆ ಅದು ಅಲರ್ಜಿ. ಆಗ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಏನು ಕೊಟ್ಟೆವು ಎಂಬಷ್ಟೇ ಹೇಗೆ ಕೂರಿಸಿ ಕೊಟ್ಟೆವು ಎಂಬುದೂ ಮುಖ್ಯ, ಇದರ ಬಗ್ಗೆ ನಾವು ಮಾತನಾಡುವುದು ಕಡಿಮೆ. ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯಲ್ಲಿ ಸರಿ ಹುಯ್ಯುವ ಅಭ್ಯಾಸ ಹಳೆಯದು. ಮಲಗಿದ ಮಗುವಿನ ಬಾಯಿಗೆ ಬಿದ್ದದ್ದು ತಾನೇ ಹಿಂದಕ್ಕೆ ಹರಿಯುತ್ತದೆ. ನುಂಗುವ ಗಳಿಗೆಯನ್ನು ಆರಿಸಿಕೊಳ್ಳುವ ಅವಕಾಶ ಮಗುವಿಗಿರುವುದಿಲ್ಲ. ಅಳುವ ಮಗು ಬಾಯಿ ತೆರೆದಾಗ ತುತ್ತು ತುರುಕುವುದು ಇನ್ನೂ ಕೆಟ್ಟದ್ದು, ಅಳುವಿನ ನಡುವೆ ಅದು ಜೋರಾಗಿ ಉಸಿರೆಳೆಯುತ್ತದೆ, ಉಸಿರಿನ ಜೊತೆ ತುತ್ತೂ ಒಳಹೋಗುತ್ತದೆ. ಬೆನ್ನು ನೇರವಾಗಿ, ತಲೆ ತುಸು ಮುಂದಕ್ಕೆ ಇರುವಂತೆ ಕೂರಿಸಿ, ಎದುರಿಗೆ ಕುಳಿತು, ಅದು ನುಂಗಿದ್ದನ್ನು ನೋಡಿ ಮುಂದಿನ ತುತ್ತು ಕೊಡಬೇಕು. ಓಡುವ ಆಟೋದಲ್ಲಿ, ಹಿಂದಿನ ಸೀಟಿನಲ್ಲಿ, ವಠಾರದ ಅಂಗಳದಲ್ಲಿ ಕಾಗೆ ಗುಬ್ಬಿ ತೋರಿಸುತ್ತ ಹಿಂದಿಂದೆ ಅಲೆಯುತ್ತ ತಿನ್ನಿಸುವುದನ್ನು ಮೆತ್ತನೆಯ ಅನ್ನಕ್ಕಾದರೂ ಕ್ಷಮಿಸಬಹುದು, ಹಣ್ಣಿನ ಹೋಳಿಗಲ್ಲ.

ಹೊಸದಾಗಿ ತಿನ್ನಲು ಕಲಿಯುವ ಮಗು ಒಮ್ಮೊಮ್ಮೆ ಓಕರಿಸುತ್ತದೆ. ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆಮ್ಮುತ್ತದೆ, ತುತ್ತನ್ನು ಹೊರತಳ್ಳುತ್ತದೆ. ನೋಡಿದವರ ಜೀವ ಬಾಯಿಗೆ ಬಂದರೂ ಇದು ರಕ್ಷಣೆಯ ಕ್ರಮ. ಈ ವಯಸ್ಸಿನಲ್ಲಿ ಓಕರಿಕೆ ಹುಟ್ಟಿಸುವ ಜಾಗ ನಾಲಿಗೆಯ ಮುಂಭಾಗದ ಕಡೆಗೇ ಇರುತ್ತದೆ, ಬೆಳೆದಂತೆ ಹಿಂದಕ್ಕೆ ಸರಿಯುತ್ತದೆ. ಸದ್ದು ಇರುವವರೆಗೆ ಗಾಳಿ ಆಡುತ್ತಿದೆ ಎಂದೇ ಅರ್ಥ, ಆಗ ಬೆರಳು ಹಾಕದೆ ಕೆಮ್ಮಲು ಬಿಡಬೇಕು. ಭಯಪಡಬೇಕಾದ್ದು ಸದ್ದು ನಿಂತಾಗ. ಅಳಲು ಬಾಯಿ ತೆರೆದರೂ ದನಿ ಬಾರದು, ಕೆಮ್ಮು ಬಾರದು, ತುಟಿ ನೀಲಿಗಟ್ಟುತ್ತದೆ. ಉಸಿರು ಪೂರ್ತಿ ನಿಂತರೆ ನಾಲ್ಕೈದು ನಿಮಿಷದಲ್ಲಿ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಓಕಳಿಪುರಂನಿಂದ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಾಗಲಿ ಕೋಟೆ ಬಳಿಯ ವಾಣಿ ವಿಲಾಸವಾಗಲಿ ದೂರವೇನಲ್ಲ, ಆದರೆ ಮೆಜೆಸ್ಟಿಕ್ ಸುತ್ತಿನ ವಾಹನಗಳ ನಡುವೆ ನಾಲ್ಕು ನಿಮಿಷ ಎಲ್ಲಿಗೂ ಸಾಲದು. ಆ ಹೊತ್ತಿಗೆ ಮನೆಯಲ್ಲಿರುವವರ ಕೈಯೇ ಆಸ್ಪತ್ರೆ.

ನಮ್ಮಲ್ಲಿ ಮೊದಲು ಹೊಳೆಯುವುದು ನೆತ್ತಿಗೆ ಹತ್ತಿತು ಎಂದು ತಲೆ ತಟ್ಟುವುದು, ನೀರು ಕುಡಿಸುವುದು, ಇಲ್ಲವೆ ಬಾಯಿಗೆ ಬೆರಳು ಹಾಕಿ ತಡಕುವುದು. ತಲೆ ತಟ್ಟುವುದರಿಂದ ಗಂಟಲಿಗೆ ಏನೂ ತಲುಪುವುದಿಲ್ಲ. ಮುಚ್ಚಿದ ದಾರಿಯಲ್ಲಿ ನೀರು ಇಳಿಯುವುದಿಲ್ಲ. ಕಾಣದೆ ತಡಕಿದ ಬೆರಳು ಹಣ್ಣನ್ನು ಇನ್ನಷ್ಟು ಕೆಳಕ್ಕೆ ಒತ್ತುತ್ತದೆ. ಕಣ್ಣಿಗೆ ಕಂಡರೆ ಮಾತ್ರ ತೆಗೆಯಬಹುದು. ಒಂದು ವರ್ಷದೊಳಗಿನ ಮಗುವಿಗೆ ಮಾಡಬೇಕಾದ್ದು ಇಷ್ಟು: ಮಗುವನ್ನು ಮುಂದೋಳಿನ ಮೇಲೆ ಬೋರಲಾಗಿ, ತಲೆ ಎದೆಗಿಂತ ಕೆಳಗಿರುವಂತೆ ಮಲಗಿಸಿ, ದವಡೆಯನ್ನು ಕೈಯಲ್ಲಿ ಹಿಡಿದು, ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಬಲವಾದ ಪೆಟ್ಟು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಮೂಳೆಯ ಕೆಳ ಅರ್ಧದ ಮೇಲೆ ಐದು ಬಾರಿ ಒತ್ತಬೇಕು. ಹಿಂದೆ ಇದಕ್ಕೆ ಎರಡು ಬೆರಳು ಎನ್ನುತ್ತಿದ್ದರು, 2025ರ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಸೂಚನೆ ಇಲ್ಲೂ ಒಂದು ಅಂಗೈಯ ಬುಡವನ್ನೇ ಬಳಸಲು ಹೇಳುತ್ತದೆ. ಹಣ್ಣು ಹೊರಬರುವವರೆಗೆ ಇದೇ ಐದು, ಮತ್ತೆ ಐದು. ಇನ್ನೊಬ್ಬರು 108ಕ್ಕೆ ಕರೆ ಮಾಡುತ್ತಿರಬೇಕು. ಮಗು ಪ್ರಜ್ಞೆ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಎದೆ ಒತ್ತುವ, ಬಾಯಿಯಿಂದ ಉಸಿರು ಕೊಡುವ ಕ್ರಮ ಶುರುವಾಗಬೇಕು. ಹೊಟ್ಟೆ ಒತ್ತುವ ವಿಧಾನ ವರ್ಷ ದಾಟಿದವರಿಗೆ ಮಾತ್ರ, ಕೂಸಿನ ಯಕೃತ್ತು ಅದರಿಂದ ಗಾಯಗೊಳ್ಳಬಹುದು.

ಎಲ್ಲ ಪ್ರಸಂಗಗಳೂ ಹೀಗೆ ಎದ್ದು ಕಾಣುವುದಿಲ್ಲ. ಕಡಲೆಬೀಜದ ಬೇಳೆ, ದಾಳಿಂಬೆ ಕಾಳು, ಸೀತಾಫಲದ ಬೀಜದಂಥವು ಗಾಳಿದಾರಿಯ ಬಾಯಿ ದಾಟಿ ಶ್ವಾಸಕೋಶದ ಒಂದು ಕವಲಿನಲ್ಲಿ ಕೂತುಬಿಡುತ್ತವೆ. ಆ ಗಳಿಗೆಯಲ್ಲಿ ಮಗು ಜೋರಾಗಿ ಕೆಮ್ಮಿ ಸುಮ್ಮನಾಗುತ್ತದೆ, ಮನೆಯವರು ಮರೆಯುತ್ತಾರೆ. ವಾರ ಕಳೆದ ಮೇಲೆ ಬಿಡದ ಕೆಮ್ಮು, ಗೊರಗೊರ ಸದ್ದು, ಜ್ವರ. ಶೀತ, ಉಬ್ಬಸ ಎಂದು ಔಷಧ ನಡೆಯುತ್ತದೆ. ಭಾರತದ ಆಸ್ಪತ್ರೆಗಳಲ್ಲಿ ಮಕ್ಕಳ ಶ್ವಾಸನಾಳದಿಂದ ದುರ್ಬೀನಿನ ಮೂಲಕ ಹೊರತೆಗೆದ ವಸ್ತುಗಳಲ್ಲಿ ಕಡಲೆಬೀಜಕ್ಕೇ ಮೊದಲ ಸ್ಥಾನ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ಸೇರುಗಟ್ಟಲೆ ಕಾಯಿ ಹೊತ್ತು ತರುವ ಊರು ಇದು. ಬಿಡಿಸಿ ತಿಂದ ಮೇಲೆ ಚಾಪೆಯ ಕೆಳಗೆ ಉಳಿದ ಒಂದು ಕಾಳನ್ನು ಹುಡುಕಬಲ್ಲವರು ಮನೆಯಲ್ಲಿ ಅಂಬೆಗಾಲಿಡುವವರು ಮಾತ್ರ. ಮಗು ತಿನ್ನುವಾಗ ಒಮ್ಮೆ ಕೆಮ್ಮಿ ನೀಲಿಗಟ್ಟಿತ್ತು ಎಂಬ ಒಂದು ಮಾತನ್ನು ವೈದ್ಯರಿಗೆ ಹೇಳಿದರೆ ಅವರ ಯೋಚನೆಯ ದಿಕ್ಕೇ ಬದಲಾಗುತ್ತದೆ.

ನಾವು ನಾಲ್ಕು ಮಕ್ಕಳನ್ನ ಹೀಗೇ ಸಾಕಿದ್ದೀವಿ, ಏನೂ ಆಗಿಲ್ಲ ಎಂಬ ಅಜ್ಜಿಯರ ಮಾತು ಸುಳ್ಳಲ್ಲ. ಇಂಥ ಅವಘಡ ಅಪರೂಪ. ಸಾವಿರಾರು ಮಕ್ಕಳು ಇಡೀ ದ್ರಾಕ್ಷಿ ನುಂಗಿಯೂ ಚೆನ್ನಾಗಿದ್ದಾರೆ. ಅಪರೂಪವಾದದ್ದನ್ನು ಯಾವ ಒಂದು ಮನೆಯ ಅನುಭವವೂ ತೋರಿಸಲಾರದು, ಊರಿನ ಎಲ್ಲ ಮನೆಗಳ ಅನುಭವ ಬಂದು ಸೇರುವ ಆಸ್ಪತ್ರೆಯಲ್ಲಿ ಮಾತ್ರ ಅದು ಕಾಣುತ್ತದೆ. ಅಜ್ಜಿಯವರ ಮಾತನ್ನು ಅಲ್ಲಗಳೆಯುವ ಬದಲು ದ್ರಾಕ್ಷಿ ಸೀಳುವ ಚಾಕುವನ್ನು ಅವರ ಕೈಗೇ ಕೊಡುವುದು ಮೇಲು.

ಆದರೆ ಇದನ್ನು ಒಂದೊಂದು ಮನೆಯ ಜಾಣ್ಮೆಗೆ ಬಿಟ್ಟರೆ ಸಾಲದು ಎಂದು ನನಗನ್ನಿಸುತ್ತದೆ. ಸರ್ಕಾರಿ ಲಸಿಕೆಯ ವೇಳಾಪಟ್ಟಿಯಲ್ಲಿ ಹದಿನಾಲ್ಕನೇ ವಾರದ ನಂತರ ಮಗು ಮತ್ತೆ ದಡಾರ-ರುಬೆಲ್ಲಾ ಚುಚ್ಚುಮದ್ದಿಗೆ ಬರುವುದು ಒಂಬತ್ತು ತಿಂಗಳು ತುಂಬಿದಾಗ. ಬೆರಳಲ್ಲಿ ಹೆಕ್ಕಲು ಕಲಿತ, ಮುಂಹಲ್ಲು ಮೂಡಿದ, ದವಡೆ ಹಲ್ಲು ಬಾರದ ಸಮಯ ಅದೇ. ತಾಯಿ ಕಾರ್ಡ್ ಹಿಡಿದು ಬಂದವರನ್ನು ಚುಚ್ಚುಮದ್ದಿನ ನಂತರ ಹೇಗೂ ಅರ್ಧ ಗಂಟೆ ಕೂರಿಸಿಕೊಳ್ಳುತ್ತಾರೆ. 1975ರಲ್ಲಿ ತಿ. ನರಸೀಪುರದಿಂದ ಶುರುವಾಗಿ ಇಂದು ರಾಜ್ಯದ ಮೂಲೆಮೂಲೆಯಲ್ಲಿರುವ ಅಂಗನವಾಡಿಯ ಕಾರ್ಯಕರ್ತೆಯೋ ಆಶಾ ಕಾರ್ಯಕರ್ತೆಯೋ ಆ ಅರ್ಧ ಗಂಟೆಯಲ್ಲಿ ಒಂದು ಗೊಂಬೆ ಹಿಡಿದು ಐದು ಪೆಟ್ಟು, ಐದು ಒತ್ತು ತೋರಿಸಬಹುದು, ಒಂದು ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ತೋರಿಸಬಹುದು. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆಯ ಹೆಸರೂ ಬೇಡ. ತಾಯಿಯ ಜೊತೆ ಅಜ್ಜಿಯೂ ಬಂದಿದ್ದರೆ ಗೊಂಬೆಯನ್ನು ಮೊದಲು ಅವರ ತೋಳಿನ ಮೇಲೆ ಮಲಗಿಸಿ ಮಾಡಿಸಬೇಕು, ಮಧ್ಯಾಹ್ನದ ಹೊತ್ತು ಮಗು ಇರುವುದು ಅವರ ಹತ್ತಿರವೇ.